ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಮಲೆನಾಡಿನ ಕಾಲುದಾರಿಗಳು: ಯಾವುದು ಮುಖ್ಯ ದಾರಿ ಎಂಬುದನ್ನು ದಾಖಲಿಸುವುದು ಹೇಗೆ?

ಬೆಟ್ಟದ ನೆಲ್ಲಿ

ಸುಬ್ರಹ್ಮಣ್ಯ ಮತ್ತು ಸೋಮವಾರಪೇಟೆ ಕಡೆಯ ಕಾಲುದಾರಿಗಳನ್ನು, ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ಆನ್‌ಲೈನ್ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸುವ, ಈಗಾಗಲೇ ಇರುವುದನ್ನು ತಿದ್ದುವ ಕೆಲಸದಲ್ಲಿ ನಾವು ಕೆಲವರು ತೊಡಗಿದ್ದೇವೆ. ಅದರಲ್ಲಿ ಪದೇ ಪದೇ ಎದುರಾಗುವ ಪ್ರಶ್ನೆಯೊಂದನ್ನು ಇಲ್ಲಿನ ಅನುಭವಿಗಳ ಮುಂದಿಡುತ್ತಿದ್ದೇನೆ.

ರಸ್ತೆಗಳ ವಿಷಯದಲ್ಲಿ ಗೊಂದಲ ಕಡಿಮೆ. ರಾಷ್ಟ್ರೀಯ ಹೆದ್ದಾರಿಯನ್ನು ‘ಟ್ರಂಕ್’ ಎಂದೂ ರಾಜ್ಯ ಹೆದ್ದಾರಿಯನ್ನು ‘ಪ್ರೈಮರಿ’ ಎಂದೂ ಜಿಲ್ಲಾ ಮುಖ್ಯ ರಸ್ತೆಯನ್ನು ‘ಸೆಕೆಂಡರಿ’ ಎಂದೂ ಗುರುತಿಸುವ ರೂಢಿ ನಮ್ಮಲ್ಲಿ ಸಾಮಾನ್ಯವಾಗಿ ಇದೆ. ಹೀಗಾಗಿ ನಕ್ಷೆಯನ್ನು ಎಷ್ಟು ದೂರದಿಂದ ನೋಡಿದರೂ ಯಾವ ರಸ್ತೆ ದೊಡ್ಡದು ಎಂಬುದು ಕಾಣುತ್ತದೆ. ಕಾಲುದಾರಿಗೆ ಇಂಥ ಮೆಟ್ಟಿಲುಗಳೇ ಇಲ್ಲ. ಅದು ‘ಪಾತ್’ ಆಗಿರಬೇಕು, ಇಲ್ಲವೇ ‘ಫುಟ್‌ವೇ’ ಆಗಿರಬೇಕು.

ಇದರ ಪರಿಣಾಮ ಏನೆಂಬುದಕ್ಕೆ ಕುಮಾರಪರ್ವತವನ್ನೇ ತೆಗೆದುಕೊಳ್ಳಿ. ಕುಕ್ಕೆಯಿಂದ ಹೊರಟ ದಾರಿ ಕಾಡಿನೊಳಗೆ ಏರಿ, ಭಟ್ಟರ ಮನೆ, ಗಿರಿಗದ್ದೆಯ ಅರಣ್ಯ ಇಲಾಖೆಯ ತಪಾಸಣಾ ಠಾಣೆ, ಕಲ್ಲುಮಂಟಪ, ಶೇಷಪರ್ವತಗಳನ್ನು ದಾಟಿ 1712 ಮೀಟರ್ ಎತ್ತರದ ತುದಿಯನ್ನು ಮುಟ್ಟುತ್ತದೆ. ಗಿರಿಗದ್ದೆಯಿಂದ ಮೇಲಿನ ಹುಲ್ಲುಗಾವಲಿನಲ್ಲಿ ಈ ದಾರಿ ಒಂದೇ ಆಗಿ ಉಳಿಯುವುದಿಲ್ಲ. ಏರು ಕಡಿದಾದಲ್ಲಿ ನಡೆಯುವವರು ತುಳಿದು ಮಾಡಿದ ಅಡ್ಡದಾರಿಗಳು, ದನಗಳ ಓಡಾಟದಿಂದ ಸವೆದ ಗೆರೆಗಳು, ಮಳೆನೀರು ಕೊರೆದು ಕಾಲುದಾರಿಯಂತೆಯೇ ಕಾಣುವ ಸಣ್ಣ ತೋಡುಗಳು ಅದರಿಂದ ಕವಲೊಡೆದು, ಕೆಲವು ಮತ್ತೆ ಬಂದು ಸೇರಿ, ಕೆಲವು ಎಲ್ಲಿಯೋ ಹುಲ್ಲಿನಲ್ಲಿ ಮುಗಿದುಹೋಗುತ್ತವೆ. ಯಾರೋ ಉಪಗ್ರಹ ಚಿತ್ರವನ್ನು ನೋಡಿ ಇವೆಲ್ಲವನ್ನೂ ‘ಪಾತ್’ ಎಂದು ಎಳೆದಿಟ್ಟರೆ ನಕ್ಷೆಯಲ್ಲಿ ಅವುಗಳ ನಡುವೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಮಂಜು ಕವಿದ ಹೊತ್ತಿನಲ್ಲಿ ಇಳಿಯುವವರು ಫೋನಿನ ನಕ್ಷೆಯನ್ನೇ ನಂಬಿರುತ್ತಾರೆ ಎಂಬುದು ನನಗೆ ನಿಜವಾದ ಆತಂಕ.

ಹಳ್ಳಿಗಳ ಕಡೆ ಇದೇ ಸಮಸ್ಯೆಗೆ ಇನ್ನೊಂದು ಮುಖವಿದೆ. ಒಂದು ಕೇರಿಯವರೆಲ್ಲ ಬಸ್ಸಿಗೆ, ಶಾಲೆಗೆ, ಪಡಿತರ ಅಂಗಡಿಗೆ ಹೋಗುವ ದಾರಿಗೂ ಒಬ್ಬರ ಮನೆಯಿಂದ ಅವರದೇ ತೋಟಕ್ಕೆ ಇಳಿಯುವ ದಾರಿಗೂ ನಕ್ಷೆಯಲ್ಲಿರುವುದು ಒಂದೇ ಬಗೆಯ ಚುಕ್ಕಿಗೆರೆ. ಮುಖ್ಯವಾದದ್ದು ಎದ್ದು ಕಾಣಲಿ ಎಂದು ಕೆಲವರು ಅಂಥ ದಾರಿಯನ್ನು ‘ಟ್ರ್ಯಾಕ್’ ಎಂದು ಬದಲಾಯಿಸುತ್ತಿದ್ದಾರೆ. ಅದು ಸರಿಯಲ್ಲವೆಂದು ನನಗೆ ತೋರುತ್ತದೆ, ಆದರೆ ಸರಿಯಾದ ಕ್ರಮ ಯಾವುದೆಂದು ಅವರಿಗೆ ಹೇಳಲು ನನ್ನ ಬಳಿ ಉತ್ತರವಿಲ್ಲ. ಪ್ರಾಮುಖ್ಯವನ್ನೇ ಹೇಳುವ ಟ್ಯಾಗ್ (ನಕ್ಷೆಯ ಗೆರೆಗೆ, ಬಿಂದುವಿಗೆ ಹಚ್ಚುವ ಗುಣಸೂಚಕ ಪದ) ಒಂದನ್ನು ನಾವು ಬಳಸಲು ತೊಡಗಬಹುದೇ?

ದಿಕ್ಸೂಚಿ

‘ಟ್ರ್ಯಾಕ್’ ವಿಷಯದಲ್ಲಿ ನಿಮ್ಮ ಅನಿಸಿಕೆ ಸರಿಯಾಗಿದೆ. ಟ್ರ್ಯಾಕ್ ಎಂದರೆ ಜೀಪು, ಟ್ರ್ಯಾಕ್ಟರ್ ಹೋಗುವಷ್ಟು ಅಗಲವಾದ, ಮುಖ್ಯವಾಗಿ ಕೃಷಿಗೆ ಅಥವಾ ಅರಣ್ಯದ ಕೆಲಸಕ್ಕೆ ಬಳಕೆಯಾಗುವ ದಾರಿ. ಕಾಲುದಾರಿಯನ್ನು ಹಾಗೆ ಗುರುತಿಸಿದರೆ, ತುರ್ತು ಸಂದರ್ಭದಲ್ಲಿ ಜೀಪು ಅಲ್ಲಿಯವರೆಗೆ ಬರುತ್ತದೆ ಎಂದು ನಂಬುವವರಿಗೆ ಸುಳ್ಳು ಹೇಳಿದಂತಾಗುತ್ತದೆ. ನಕ್ಷೆಯಲ್ಲಿ ಹೇಗೆ ಕಾಣಬೇಕು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ದತ್ತಾಂಶವನ್ನು ತಿರುಚಬಾರದು ಎಂಬುದು ಈ ಯೋಜನೆಯ ಹಳೆಯ ನಿಯಮಗಳಲ್ಲಿ ಒಂದು.

ಪ್ರಾಮುಖ್ಯದ ಟ್ಯಾಗ್ ಬೇಡ ಎಂಬುದು ನನ್ನ ನಿಲುವು. ಇಲ್ಲಿ ದಾಖಲಾಗುವ ಪ್ರತಿಯೊಂದನ್ನೂ ಬೇರೊಬ್ಬರು ಆ ಜಾಗಕ್ಕೆ ಹೋಗಿ ಪರಿಶೀಲಿಸಿ, ಸರಿಯೋ ತಪ್ಪೋ ಎಂದು ಹೇಳುವಂತಿರಬೇಕು. ಈ ದಾರಿ ಅಗಲ ಎಷ್ಟು, ಮಣ್ಣಿನದೋ ಕಲ್ಲಿನದೋ, ಗೆರೆ ಸ್ಪಷ್ಟವಾಗಿದೆಯೋ ಮಸುಕಾಗಿದೆಯೋ ಎಂಬುದಕ್ಕೆ ಇಬ್ಬರ ಉತ್ತರ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಎಷ್ಟು ಮುಖ್ಯ ಎಂಬುದಕ್ಕೆ ಚಾರಣಿಗನ ಉತ್ತರ ಬೇರೆ, ತೋಟದ ಕೆಲಸಕ್ಕೆ ಹೋಗುವವರ ಉತ್ತರ ಬೇರೆ. ನಾಳೆ ಅದನ್ನು ತಿದ್ದುವ ಜಗಳ ಹತ್ತಿದರೆ ಯಾರ ಮಾತನ್ನು ಉಳಿಸಿಕೊಳ್ಳಬೇಕು?

ಇರುವ ಟ್ಯಾಗ್‌ಗಳನ್ನೇ ಪೂರ್ತಿಯಾಗಿ ಬಳಸಿದರೆ ನಿಮ್ಮ ಹುಲ್ಲುಗಾವಲಿನ ಸಮಸ್ಯೆ ಮುಕ್ಕಾಲು ಪಾಲು ಬಗೆಹರಿಯುತ್ತದೆ. ದಾರಿ ಕಣ್ಣಿಗೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂಬುದಕ್ಕೆ ‘ಟ್ರೇಲ್ ವಿಸಿಬಿಲಿಟಿ’ ಇದೆ. ‘ಎಕ್ಸಲೆಂಟ್’ನಿಂದ ‘ನೋ’ವರೆಗೆ ಅದರಲ್ಲಿ ಆರು ಹಂತಗಳಿವೆ. ಯಾರೂ ನಿರ್ಮಿಸದೆ, ಬರೀ ತುಳಿತದಿಂದ ಆದ ಅಡ್ಡದಾರಿಗೆ ‘ಇನ್‌ಫಾರ್ಮಲ್’ ಎಂಬುದಿದೆ. ನಡಿಗೆ ಎಷ್ಟು ಕಠಿಣ ಎಂಬುದಕ್ಕೆ ಸ್ವಿಸ್ ಆಲ್ಪೈನ್ ಕ್ಲಬ್ಬಿನ ಆರು ಹಂತದ ಅಳತೆಯನ್ನು ಆಧರಿಸಿದ ‘ಸ್ಯಾಕ್ ಸ್ಕೇಲ್’ ಇದೆ, ಆದರೆ ಅದನ್ನು ಪ್ರಾಮುಖ್ಯದ ಬದಲಿಯಾಗಿ ದಯವಿಟ್ಟು ಬಳಸಬೇಡಿ. ಕಲ್ಲುಮಂಟಪದ ಮೇಲಿನ ಬಂಡೆಗಳ ಭಾಗ ಕಠಿಣವಾಗಿರುವುದು ಒಂದು ಸಂಗತಿ, ಅದೇ ಮುಖ್ಯ ದಾರಿಯಾಗಿರುವುದು ಇನ್ನೊಂದು ಸಂಗತಿ. ಮಳೆನೀರು ಕೊರೆದ ತೋಡುಗಳನ್ನಂತೂ ದಾರಿಯ ಪಟ್ಟಿಯಿಂದಲೇ ತೆಗೆದುಹಾಕಿ, ಏಕೆಂದರೆ ಅಲ್ಲಿ ದಾರಿಯೇ ಇಲ್ಲ.

ಇನ್ನು ಮುಖ್ಯ ದಾರಿಯನ್ನು ಎತ್ತಿ ತೋರಿಸುವ ಕೆಲಸ ‘ರೂಟ್ ರಿಲೇಶನ್’ನದ್ದು, ಅಂದರೆ ದಾರಿಯ ತುಂಡು ಗೆರೆಗಳನ್ನು ಒಂದೇ ದಾರಿಯಾಗಿ ಕೂಡಿಸುವ ದಾಖಲೆಯದ್ದು. ಕುಕ್ಕೆಯಿಂದ ತುದಿಯವರೆಗಿನ ತುಂಡುಗಳನ್ನೆಲ್ಲ ಒಂದು ರಿಲೇಶನ್‌ಗೆ ಸೇರಿಸಿ ಹೆಸರು ಕೊಡಿ. ಸೋಮವಾರಪೇಟೆ ಕಡೆಯಿಂದ ಬೀಡಹಳ್ಳಿಯ ಮೂಲಕ ಬರುವ ದಾರಿಗೆ ಇನ್ನೊಂದನ್ನು ಮಾಡಿ. ಅಂತರರಾಷ್ಟ್ರೀಯ, ರಾಷ್ಟ್ರೀಯ, ಪ್ರಾದೇಶಿಕ, ಸ್ಥಳೀಯ ಎಂಬ ನಾಲ್ಕು ಮಟ್ಟಗಳು ಅಲ್ಲಿ ಈಗಾಗಲೇ ಇವೆ. ವೇಮಾರ್ಕ್ಡ್ ಟ್ರೇಲ್ಸ್‌ನಂಥ ನಕ್ಷೆಗಳು ರಿಲೇಶನ್‌ಗಳನ್ನೇ ಓದಿ ದಾರಿಗೆ ಬಣ್ಣ ಹಚ್ಚುತ್ತವೆ. ಅದರಿಂದ ಕವಲೊಡೆಯುವ ಯಾವ ಅಡ್ಡದಾರಿಯೂ ರಿಲೇಶನ್‌ನಲ್ಲಿ ಇರುವುದಿಲ್ಲವಾದ್ದರಿಂದ ನಿಮಗೆ ಬೇಕಾದ ವ್ಯತ್ಯಾಸ ತಾನಾಗಿಯೇ ಮೂಡುತ್ತದೆ.

ಕಾಲುಸಂಕ

ದಿಕ್ಸೂಚಿಯವರು ಬೆಟ್ಟದ ದಾರಿಗೆ ಕೊಟ್ಟ ಉತ್ತರವನ್ನು ಒಪ್ಪುತ್ತೇನೆ. ಹಳ್ಳಿಯ ದಾರಿಯ ಬಗ್ಗೆ ಅವರು ಏನನ್ನೂ ಹೇಳಿಲ್ಲ. ನನ್ನ ಮಟ್ಟಿಗೆ ಈ ಚರ್ಚೆಯಲ್ಲಿ ಭಾರವಿರುವುದು ಅಲ್ಲಿಯೇ.

ರಿಲೇಶನ್ ಬೇಕಾದರೆ ದಾರಿಗೆ ಒಂದು ಹೆಸರು, ಒಂದು ಫಲಕ, ಕನಿಷ್ಠ ಒಂದು ಚಾರಣದ ಕಥನವಾದರೂ ಬೇಕು. ನಮ್ಮ ಕಡೆಯ ಒಂದು ದಾರಿಯನ್ನು ಹೀಗೆ ಊಹಿಸಿಕೊಳ್ಳಿ. ಡಾಂಬರು ರಸ್ತೆಯ ಬಸ್ ನಿಲ್ದಾಣದ ಹಿಂದಿನಿಂದ ಅದು ಇಳಿಯುತ್ತದೆ. ಮೊದಲು ಬೇಲಿಯೊಂದಕ್ಕೆ ಕಟ್ಟಿದ ತಡಮೆ, ಅದನ್ನು ಹತ್ತಿ ಇಳಿದರೆ ಗದ್ದೆಯ ಅಂಚು, ಅಂಚು ಮುಗಿದಲ್ಲಿ ಅಡಿಕೆ ತೋಟದ ಕಪ್ಪು ನೆರಳು, ತೋಟದ ಕೊನೆಯಲ್ಲಿ ಹಳ್ಳ. ಹಳ್ಳದ ಮೇಲೆ ಎರಡು ಅಡಿಕೆ ಮರದ ಕಾಂಡಗಳನ್ನು ಜೋಡಿಸಿ, ಕೈಗೆ ಆಸರೆಯಾಗಿ ಒಂದು ಬದಿಯಲ್ಲಿ ಬಿದಿರು ಕಟ್ಟಿದ ಸಂಕ. ಅದರಾಚೆ ಬೇಲಿಗೆ ಅಡ್ಡ ಇಟ್ಟ ಉಣುಗೋಲು ಸರಿಸಿ ಧರೆ ಹತ್ತಿದರೆ ಕೆಲವೇ ಮನೆಗಳು. ಆ ಮನೆಗಳಿಗೆ ಬೇರೆ ದಾರಿ ಇಲ್ಲ. ಮಕ್ಕಳು ಶಾಲೆಗೆ ಹೋಗುವುದೂ, ಹಾಲು ಡೇರಿಗೆ ಹೋಗುವುದೂ, ಕಾಯಿಲೆಯಾದವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತರುವುದೂ ಇದರಲ್ಲಿಯೇ. ಈಗ ದಿಕ್ಸೂಚಿಯವರ ಟ್ಯಾಗ್‌ಗಳನ್ನು ಇದಕ್ಕೆ ಹಚ್ಚಿ ನೋಡಿ: ಅಗಲ ಒಂದಡಿ, ನೆಲ ಮಣ್ಣು, ತೋಟದೊಳಗೆ ಗೆರೆ ಮಸುಕು, ಯಾರೂ ವಿಧಿವತ್ತಾಗಿ ನಿರ್ಮಿಸಿದ್ದಲ್ಲ. ಪ್ರತಿಯೊಂದು ಉತ್ತರವೂ ಸತ್ಯವೇ. ಎಲ್ಲ ಸೇರಿದಾಗ ಮಾತ್ರ ಊರಿನ ಅತ್ಯಂತ ಮುಖ್ಯ ದಾರಿಯು ದನದ ದಾರಿಗಿಂತ ಕೆಳಗೆ ಇಳಿದುಬಿಡುತ್ತದೆ.

ಪ್ರಾಮುಖ್ಯವನ್ನು ಸ್ಥಳದಲ್ಲಿ ಪರಿಶೀಲಿಸಲಾಗದು ಎಂಬ ವಾದವನ್ನೂ ನಾನು ಒಪ್ಪಲಾರೆ. ಈ ದಾರಿ ತಪ್ಪಿದರೆ ಆ ಮನೆಗಳಿಗೆ ಬೇರೆ ದಾರಿ ಇದೆಯೇ, ಇಲ್ಲವೇ ಎಂಬುದು ಅಭಿಪ್ರಾಯವಲ್ಲ; ಹೋಗಿ ನೋಡಿದ ಯಾರಿಗಾದರೂ ತಿಳಿಯುವ ಸಂಗತಿ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಪಯಸ್ವಿನಿ ನದಿಗೆ ಅರಂಬೂರಿನಲ್ಲಿ ತೂಗುಸೇತುವೆ ಕಟ್ಟಿದ್ದನ್ನು, ಆ ಬಳಿಕ ಅಂಥ ನೂರಕ್ಕೂ ಹೆಚ್ಚು ಸೇತುವೆಗಳು ಅವರ ಕೈಯಿಂದ ಆದದ್ದನ್ನು, 2017ರಲ್ಲಿ ಅವರಿಗೆ ಪದ್ಮಶ್ರೀ ಬಂದದ್ದನ್ನು ಇಲ್ಲಿಯ ಹಲವರು ಬಲ್ಲರು. ಯಾವ ಕಾಲುದಾರಿ ಮುಖ್ಯ ಎಂಬುದನ್ನು ಅಳೆಯಲು ಸಾಧ್ಯವಿಲ್ಲದಿದ್ದರೆ ಆ ಸೇತುವೆಗಳನ್ನು ಎಲ್ಲಿ ಕಟ್ಟಬೇಕೆಂದು ಜನ ಹೇಗೆ ನಿರ್ಧರಿಸುತ್ತಿದ್ದರು? ರಸ್ತೆಗಳ ಶ್ರೇಣಿಯೂ ಅಗಲವನ್ನು ನೋಡಿ ಆದದ್ದಲ್ಲವಷ್ಟೆ. ಒಂಟಿ ಪಥದ ರಾಜ್ಯ ಹೆದ್ದಾರಿಯೂ ‘ಪ್ರೈಮರಿ’ ಆಗಿಯೇ ಇದೆ, ಏಕೆಂದರೆ ಅದು ಏನನ್ನು ಜೋಡಿಸುತ್ತದೆ ಎಂಬುದನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆ. ಅದೇ ನ್ಯಾಯವನ್ನು ನಡೆಯುವವರಿಗೂ ಕೊಡಬೇಕೆಂದು ಕೇಳುತ್ತಿದ್ದೇನೆ. ಈ ಯೋಜನೆಯಲ್ಲಿ ಹೊಸ ಟ್ಯಾಗ್ ಬಳಸಲು ಯಾರ ಅಪ್ಪಣೆಯೂ ಬೇಕಿಲ್ಲ. ಅದರ ಅರ್ಥವನ್ನು ವಿಕಿಯಲ್ಲಿ ಸ್ಪಷ್ಟವಾಗಿ ಬರೆದಿಟ್ಟರೆ ಸಾಕು.

ಸಮೋನ್ನತಿ

ನಾನು ಸ್ಕಾಟ್ಲೆಂಡಿನಲ್ಲಿ ನೆಲೆಸಿದ್ದೇನೆ. ಇಲ್ಲಿಯ ವ್ಯವಸ್ಥೆ ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುವುದರಿಂದ ಹೇಳುತ್ತಿದ್ದೇನೆ. 2003ರ ಭೂಸುಧಾರಣಾ ಕಾಯ್ದೆಯ ಪ್ರಕಾರ ಇಲ್ಲಿಯ ಸ್ಥಳೀಯ ಆಡಳಿತಗಳು ತಮ್ಮ ವ್ಯಾಪ್ತಿಯ ಕಾಲುದಾರಿಗಳಲ್ಲಿ ಜನರ ಓಡಾಟಕ್ಕೆ ಮುಖ್ಯವಾದವುಗಳನ್ನು ಆಯ್ದು ‘ಕೋರ್ ಪಾತ್’ ಎಂದು ಘೋಷಿಸಬೇಕು. ಇಂಗ್ಲೆಂಡಿನಲ್ಲಿ 1949ರ ಕಾಯ್ದೆಯಿಂದ ಬಂದ ಅಧಿಕೃತ ಹಕ್ಕುದಾರಿ ನಕ್ಷೆಗಳಿವೆ. ಸ್ವಿಟ್ಜರ್ಲೆಂಡಿನಲ್ಲಂತೂ ಕಾಲುದಾರಿಗಳ ವಿಷಯ 1979ರಲ್ಲಿ ಮತದಾನದ ಮೂಲಕ ಸಂವಿಧಾನವನ್ನೇ ಸೇರಿತು. ಹಳದಿ, ಬಿಳಿ-ಕೆಂಪು-ಬಿಳಿ, ಬಿಳಿ-ನೀಲಿ-ಬಿಳಿ ಗುರುತುಗಳನ್ನು ಕಲ್ಲಿನ ಮೇಲೆ ನೋಡಿದರೆ ದಾರಿ ಯಾವ ವರ್ಗದ್ದೆಂದು ತಿಳಿಯುತ್ತದೆ. ಈ ಮೂರೂ ಕಡೆ ನಕ್ಷೆ ಮಾಡುವವರು ಪ್ರಾಮುಖ್ಯವನ್ನು ತಾವಾಗಿ ತೀರ್ಮಾನಿಸುವುದಿಲ್ಲ. ಸರ್ಕಾರವೋ ಸಂಘವೋ ತೀರ್ಮಾನಿಸಿದ್ದನ್ನು ‘ಡೆಸಿಗ್ನೇಶನ್’ ಎಂಬ ಟ್ಯಾಗ್‌ನಲ್ಲಿ ಅಥವಾ ರಿಲೇಶನ್‌ನಲ್ಲಿ ಬರೆದುಕೊಳ್ಳುತ್ತಾರೆ.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ್ದೆಂದರೆ ಕಂದಾಯ ಇಲಾಖೆಯ ಗ್ರಾಮ ನಕಾಶೆ. ಅದರಲ್ಲಿ ಬಂಡಿದಾರಿಯನ್ನೂ ಕಾಲುದಾರಿಯನ್ನೂ ಬೇರೆ ಬೇರೆ ಚುಕ್ಕಿಗೆರೆಗಳಿಂದ ತೋರಿಸಿರುತ್ತಾರೆ, ಮತ್ತು ದಾರಿಯ ವ್ಯಾಜ್ಯ ತಹಸೀಲ್ದಾರರ ಮುಂದೆ ಬಂದಾಗ ‘ನಕಾಶೆಯಲ್ಲಿ ಕಂಡ ದಾರಿ’ ಎಂಬ ಮಾತಿಗೆ ತೂಕವಿರುತ್ತದೆ. ಹಾಗೆಂದು ಪರವಾನಗಿ ಸ್ಪಷ್ಟವಿಲ್ಲದ ನಕಾಶೆಯಿಂದ ನಾವು ಗೆರೆ ನಕಲು ಮಾಡುವಂತಿಲ್ಲ. ಸರ್ವೆ ಆಫ್ ಇಂಡಿಯಾದ ಟೊಪೊಶೀಟ್‌ಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಕಾಲುಸಂಕ ಅವರು ವರ್ಣಿಸಿದ ದಾರಿ ಖಾಸಗಿ ತೋಟವನ್ನು ಹಾಯುತ್ತದೆ ಎಂಬುದನ್ನು ಗಮನಿಸಿ. 1882ರ ಈಸ್‌ಮೆಂಟ್ ಕಾಯ್ದೆಯಡಿ ಆ ಮನೆಯವರಿಗೆ ದಾರಿಯ ಹಕ್ಕು ಇರಬಹುದು, ಅಥವಾ ತೋಟದವರ ಸೌಜನ್ಯದಿಂದ ಮಾತ್ರ ಅದು ನಡೆದುಬಂದಿರಬಹುದು. ನಾವು ಅದಕ್ಕೆ ‘ಮುಖ್ಯ’ ಎಂಬ ಮುದ್ರೆ ಒತ್ತಿದರೆ ಇಬ್ಬರಲ್ಲಿ ಒಬ್ಬರು ನಾಳೆ ಅದನ್ನು ಪುರಾವೆಯಾಗಿ ಹಿಡಿದುಕೊಂಡು ಬರಬಹುದು. ಓಡಾಟ ಒಪ್ಪಿಗೆಯ ಮೇಲೆ ನಡೆಯುತ್ತಿದೆ ಎಂದು ಗೊತ್ತಿದ್ದರೆ ಪ್ರವೇಶದ ಟ್ಯಾಗ್‌ನಲ್ಲಿ ‘ಪರ್ಮಿಸಿವ್’ ಎಂದು ದಾಖಲಿಸಿ, ಗೊತ್ತಿಲ್ಲದಿದ್ದರೆ ಆ ಸಾಲನ್ನು ಖಾಲಿ ಬಿಡಿ. ಊಹೆಯಿಂದ ‘ಯೆಸ್’ ಎಂದು ತುಂಬಬೇಡಿ.

ಹುಲ್ಲುಗಾವಲು

ಕುಮಾರಪರ್ವತದ ಹೆಸರು ಬಂದಿರುವುದರಿಂದ ಒಂದು ಮಾತು. 2024ರ ಜನವರಿಯ ಕೊನೆಯ ರಜಾದಿನಗಳಲ್ಲಿ ಅಲ್ಲಿ ಸೇರಿದ ಜನಸಂದಣಿಯ ಚಿತ್ರಗಳು ಹರಿದಾಡಿದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಹೆಚ್ಚು ಜನ ನಡೆಯುವುದೇ ಪ್ರಾಮುಖ್ಯವೆಂದು ತಿಳಿದು ವ್ಯಾಯಾಮದ ಆ್ಯಪ್‌ಗಳ ಹೀಟ್‌ಮ್ಯಾಪ್ (ಹೆಚ್ಚು ಓಡಾಟವಿರುವ ಕಡೆಯನ್ನು ಬಣ್ಣದಿಂದ ಎತ್ತಿ ತೋರಿಸುವ ನಕ್ಷೆ) ನೋಡಿ ದರ್ಜೆ ಕೊಡಲು ಹೊರಟರೆ, ವಾರಾಂತ್ಯದಲ್ಲಿ ಬರುವವರ ಫೋನುಗಳು ಉಳಿದೆಲ್ಲರ ಪರವಾಗಿ ಮತ ಹಾಕಿದಂತೆ ಆಗುತ್ತದೆ. ಅರಣ್ಯ ಇಲಾಖೆಯ ವಾಚರ್ ದಿನವೂ ನಡೆಯುವ ಬೀಟಿನ (ಗಸ್ತಿನ) ದಾರಿ ಆ ಹೀಟ್‌ಮ್ಯಾಪಿನಲ್ಲಿ ಇರುವುದಿಲ್ಲ. ಕಾಲುಸಂಕ ಅವರ ಶಾಲೆಯ ದಾರಿಯೂ ಇರುವುದಿಲ್ಲ.

ಎರಡನೆಯದಾಗಿ, ವನ್ಯಧಾಮದೊಳಗೆ ದರ್ಜೆಗಿಂತ ಮೊದಲು ತುಂಬಬೇಕಾದದ್ದು ಪ್ರವೇಶದ ಟ್ಯಾಗ್. ಅನುಮತಿ ಪಡೆದು ಹೋಗಬೇಕಾದ ದಾರಿಗೆ ‘ಪರ್ಮಿಟ್’, ಮುಚ್ಚಿದ ದಾರಿಗೆ ‘ನೋ’. ಮುಚ್ಚಿದ್ದಾರೆಂದು ನಕ್ಷೆಯಿಂದ ಅಳಿಸಿದರೆ, ಮುಂದೆ ಯಾರೋ ಉಪಗ್ರಹ ಚಿತ್ರ ನೋಡಿ ಅದನ್ನು ಯಾವ ಎಚ್ಚರಿಕೆಯೂ ಇಲ್ಲದೆ ಮತ್ತೆ ಎಳೆಯುತ್ತಾರೆ. ಆದ್ದರಿಂದ ಗೆರೆ ಇರಲಿ, ನಿಷೇಧವೂ ಅದರ ಜೊತೆಗೇ ಇರಲಿ. ಆನೆಗಳ ಓಡಾಟದಿಂದ ಆದ ಅಗಲವಾದ ದಾರಿಗಳನ್ನು ಮಾತ್ರ ಕಾಲುದಾರಿ ಎಂದು ಸೇರಿಸಬೇಡಿ. ಅವು ನಡೆಯಲು ಹಿತವಾಗಿ, ಮನುಷ್ಯರ ದಾರಿಗಿಂತ ಸ್ಪಷ್ಟವಾಗಿ ಕಾಣುತ್ತವೆ, ಅಪಾಯ ಇರುವುದೂ ಅದರಲ್ಲಿಯೇ.

ದಿಕ್ಸೂಚಿ

ಕಾಲುಸಂಕ ಅವರ ಆಕ್ಷೇಪಣೆಯಲ್ಲಿ ಬಲವಿದೆ, ವಿಶೇಷವಾಗಿ ಬೇರೆ ದಾರಿ ಇಲ್ಲದಿರುವುದು ಪರಿಶೀಲಿಸಬಹುದಾದ ಸಂಗತಿ ಎಂಬ ಮಾತಿನಲ್ಲಿ. ಆದರೆ ಅದೇ ಕಾರಣಕ್ಕಾಗಿ ಅದನ್ನು ಟ್ಯಾಗ್‌ನಲ್ಲಿ ಬರೆಯುವ ಅಗತ್ಯ ಬೀಳುವುದಿಲ್ಲ ಎಂಬುದು ನನ್ನ ವಾದ. ಬಸ್ ನಿಲ್ದಾಣ, ಶಾಲೆಯ ಬಾಗಿಲು, ಡೇರಿ, ಆ ಮನೆಗಳು ಎಲ್ಲವೂ ನಕ್ಷೆಯಲ್ಲಿದ್ದು, ಅವುಗಳ ನಡುವಿನ ಗೆರೆ ಎಲ್ಲಿಯೂ ತುಂಡಾಗದೆ ನೋಡ್‌ಗೆ ನೋಡ್ (ಗೆರೆಯ ಬಿಂದುವಿಗೆ ಬಿಂದು) ಕೂಡಿಕೊಂಡಿದ್ದರೆ, ಆ ಗೆರೆಯನ್ನು ತೆಗೆದರೆ ಯಾರು ಹೊರಗುಳಿಯುತ್ತಾರೆ ಎಂಬುದನ್ನು ಗಣಕವೇ ಲೆಕ್ಕ ಹಾಕಬಲ್ಲದು. ಇಂದು ಅದು ಸಾಧ್ಯವಾಗದಿರುವುದು ಟ್ಯಾಗ್ ಇಲ್ಲದ್ದರಿಂದ ಅಲ್ಲ. ಮನೆಗಳನ್ನು ಯಾರೂ ಗುರುತಿಸಿಲ್ಲ, ಶಾಲೆಯ ಬಿಂದುವಿಗೆ ದಾರಿಯ ತುದಿ ಅಂಟಿಕೊಂಡಿಲ್ಲ, ಸಂಕ ಇರುವ ಕಡೆ ಗೆರೆ ಹಳ್ಳದ ದಡದಲ್ಲಿ ನಿಂತುಹೋಗಿದೆ.

ಒಂದು ವಿಷಯದಲ್ಲಿ ಮಾತ್ರ ನನ್ನ ಮೊದಲ ಉತ್ತರಕ್ಕೆ ಸೇರಿಸುವುದಿದೆ. ರಿಲೇಶನ್‌ಗೆ ಫಲಕವೇ ಬೇಕೆಂದಿಲ್ಲ. ಊರವರು ತಲೆಮಾರುಗಳಿಂದ ಒಂದು ಹೆಸರಿನಿಂದ ಕರೆಯುತ್ತಾ ಬಂದ ಘಟ್ಟದ ದಾರಿ, ಪ್ರತಿ ವರ್ಷ ಭಕ್ತರು ನಡೆಯುವ ಯಾತ್ರೆಯ ದಾರಿ ಇವುಗಳ ಆದಿ ಅಂತ್ಯಗಳನ್ನು ಕೇಳಿ ಖಚಿತಪಡಿಸಿಕೊಳ್ಳಬಹುದು. ಶಿವರಾತ್ರಿಯ ಹೊತ್ತಿಗೆ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗುವ ಪಾದಯಾತ್ರೆಯ ಹಾದಿಯನ್ನು ಯಾವ ಬಣ್ಣದ ಗುರುತೂ ಇಲ್ಲದೆ ಸಾವಿರಾರು ಜನ ಬಲ್ಲರು. ಅಂಥದ್ದಕ್ಕೆ ರಿಲೇಶನ್ ಮಾಡಿದರೆ ಯಾರೂ ಆಕ್ಷೇಪಿಸಲಾರರು.

ಕಾಲುಸಂಕ

ಗಣಕ ಲೆಕ್ಕ ಹಾಕುವ ದಿನದವರೆಗೆ ಕಾಯಬೇಕೇ ಎಂಬ ಪ್ರಶ್ನೆ ನನ್ನಲ್ಲಿ ಹಾಗೆಯೇ ಉಳಿದಿದೆ, ಮತ್ತು ಟ್ಯಾಗ್ ಬೇಕೆಂಬ ಅಭಿಪ್ರಾಯವನ್ನೂ ನಾನು ಬಿಟ್ಟಿಲ್ಲ. ಆದರೂ ಮನೆ, ಶಾಲೆ, ಸಂಕಗಳನ್ನು ಮೊದಲು ಸರಿಯಾಗಿ ಗುರುತಿಸಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಅದಿಲ್ಲದೆ ಟ್ಯಾಗ್ ಇದ್ದರೂ ಪ್ರಯೋಜನ ಕಡಿಮೆ.

ಬೆಟ್ಟದ ನೆಲ್ಲಿ

ಎಲ್ಲರಿಗೂ ಕೃತಜ್ಞತೆಗಳು. ನಮ್ಮ ಗುಂಪಿನಲ್ಲಿ ಹೀಗೆ ಮುಂದುವರಿಯುತ್ತೇವೆ: ಕಾಲುದಾರಿಗೆ ಹಚ್ಚಿದ ‘ಟ್ರ್ಯಾಕ್’ ಟ್ಯಾಗ್‌ಗಳನ್ನು ಹಿಂದಿನ ಸ್ಥಿತಿಗೆ ತರುತ್ತೇವೆ, ಎರಡೂ ಕಡೆಯಿಂದ ಕುಮಾರಪರ್ವತಕ್ಕೆ ಏರುವ ದಾರಿಗೆ ಅನುಮತಿಯ ಟ್ಯಾಗ್ ಸಹಿತ ರಿಲೇಶನ್ ಮಾಡುತ್ತೇವೆ, ಅಡ್ಡದಾರಿಗಳನ್ನು ನಡೆದು ನೋಡಿದ ಮೇಲೆಯೇ ಉಳಿಸಬೇಕೋ ಬೇಡವೋ ಎಂದು ತೀರ್ಮಾನಿಸುತ್ತೇವೆ. ಹಳ್ಳಿಗಳಲ್ಲಿ ದಾರಿಯ ಎರಡೂ ತುದಿಗಳನ್ನು, ನಡುವಿನ ತಡಮೆ, ಉಣುಗೋಲು, ಸಂಕಗಳನ್ನು ಬಿಡದೆ ಗುರುತಿಸುತ್ತೇವೆ. ಪ್ರಾಮುಖ್ಯದ ಟ್ಯಾಗ್ ವಿಷಯದಲ್ಲಿ ಒಮ್ಮತ ಕಾಣದ ಕಾರಣ ಸದ್ಯಕ್ಕೆ ಅದನ್ನು ಸೇರಿಸುವುದಿಲ್ಲ.

ಒಂದು ಕಿರು ಪ್ರಶ್ನೆ ಉಳಿದಿದೆ. ಮಳೆಗಾಲಕ್ಕೆ ಮಾತ್ರ ಹಾಕುವ ಸಂಕವನ್ನು ಹೇಗೆ ದಾಖಲಿಸಬೇಕು? ಬೇಸಿಗೆಯಲ್ಲಿ ಜನ ಸ್ವಲ್ಪ ಕೆಳಗೆ ನೀರಿನಲ್ಲಿಯೇ ದಾಟುತ್ತಾರೆ.

ಕಾಲುಸಂಕ

ಎರಡನ್ನೂ ಬೇರೆ ಬೇರೆ ಗೆರೆಗಳಾಗಿ ಎಳೆಯಿರಿ. ಸಂಕದ ತುಂಡಿಗೆ ‘ಬ್ರಿಡ್ಜ್’ ಜೊತೆಗೆ ‘ಸೀಸನಲ್’ ಸೇರಿಸಿ, ನೀರು ದಾಟುವ ಬಿಂದುವಿಗೆ ‘ಫೋರ್ಡ್’ ಕೊಡಿ, ಮತ್ತು ಆ ಕೆಳಗಿನ ದಾರಿಗೆ ಷರತ್ತಿನ ಪ್ರವೇಶ ಟ್ಯಾಗ್ ಹಾಕಿ ಮಳೆಗಾಲದ ತಿಂಗಳುಗಳಲ್ಲಿ ನಡೆಯುವವರಿಗೆ ‘ನೋ’ ಎಂದು ಬರೆಯಿರಿ. ತಿಂಗಳುಗಳನ್ನು ನಿಮ್ಮ ಅಂದಾಜಿನಿಂದ ತುಂಬಬೇಡಿ, ಹಳ್ಳದ ಆಚೆಯ ಮನೆಯವರನ್ನೇ ಕೇಳಿ, ಏಕೆಂದರೆ ಘಟ್ಟದ ಬುಡದಲ್ಲಿ ನೀರು ಇಳಿಯುವ ಹೊತ್ತು ಒಂದು ಹಳ್ಳದಿಂದ ಇನ್ನೊಂದಕ್ಕೆ ಬೇರೆಯಾಗುತ್ತದೆ.